ಕರಿ ಮನೆಗಳ ಮೇಲೆ ಐದು ಬೆರಳು

ಶಿರಾದ ಆ ಶಾಲೆಯ ವೇದಿಕೆ ಹತ್ತಿ, ಹೊಸ ಪಿಯಾನೊದ ಮುಚ್ಚಳ ತೆಗೆದು ಒಂದು ಸ್ವರ ಒತ್ತಿದೆ. ಪಕ್ಕದಲ್ಲಿ ನಿಂತಿದ್ದ, ನನ್ನ ಶಿಷ್ಯೆಯೊಬ್ಬಳ ತಾತ ತಮ್ಮ ಕೊಳಲಿನಲ್ಲಿ ಅದೇ ಸ್ವರ ಊದಿದರು. ಎರಡೂ ಕೂಡಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಊದಿದರು. ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಪಿಯಾನೊ ಕೊಳಲಿಗಿಂತ ಅರ್ಧ ಸ್ವರ ಕೆಳಗಿತ್ತು. ಶಾಲೆಯ ವಾರ್ಷಿಕೋತ್ಸವ ಶುರುವಾಗಲು ಇನ್ನು ಅರ್ಧ ಗಂಟೆ. ಮೊದಲ ಐಟಂ ನಮ್ಮದೇ.

"ಯಾಕ್ ಮೇಡಮ್ನೋರೆ, ಪೆಟ್ಗೆ ಕೆಟ್ಟೋಗೈತಾ?" ಎಂದರು ತಾತ.

ಪೆಟ್ಟಿಗೆ ಕೆಟ್ಟಿರಲಿಲ್ಲ. ಹಿಂದಿನ ದಿನವಷ್ಟೇ ಬೆಂಗಳೂರಿನಿಂದ ಯಾರೋ ಬಂದು ಶ್ರುತಿ ಮಾಡಿ, ಮುಖ್ಯ ಅತಿಥಿಗಳು ಉದ್ಘಾಟಿಸುವವರೆಗೆ ಯಾರೂ ಮುಟ್ಟಬಾರದೆಂದು ಬಟ್ಟೆ ಹೊದಿಸಿ ಹೋಗಿದ್ದರು. ಪಿಯಾನೊ ಕೊಡಿಸಿದ್ದೇ ಆ ಅತಿಥಿಗಳು. ಶಾಲೆಯವರ ಕೈಕಾಲು ಹಿಡಿದು, ಎರಡು ನಿಮಿಷ ನೋಡಿಕೊಳ್ಳಲು ಒಪ್ಪಿಗೆ ಪಡೆದಿದ್ದೆ. ಕೆಟ್ಟಿದ್ದು ನನ್ನ ತಲೆ, ಅದು ನನಗೆ ಎರಡನೇ ಸಲ ಒತ್ತಿದಾಗಲೇ ಗೊತ್ತಾಯಿತು.

ನಾನು ಮಧುಗಿರಿಯವಳು. ಅಪ್ಪ ಕೊರಟಗೆರೆ ಸುತ್ತಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಮೇಷ್ಟ್ರಾಗಿದ್ದರು. ನಾನು ಕೀಬೋರ್ಡ್ ಹಿಡಿದೆ, ಭಜನೆಗೆ ನುಡಿಸಿದೆ, ಮದುವೆ ಆರ್ಕೆಸ್ಟ್ರಾಗಳಿಗೆ ನುಡಿಸಿದೆ. ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ. ಶನಿವಾರ ಶಿರಾ, ಭಾನುವಾರ ಕೊರಟಗೆರೆ, ಬುಧವಾರ ಪಾವಗಡ. ಕೀಬೋರ್ಡನ್ನು ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರುಗಳು ಅದಕ್ಕೂ ಟಿಕೆಟ್ ಹರಿಯಲು ನೋಡುತ್ತಾರೆ. ಅಲ್ಲೇ ನನ್ನ ದಿನದ ಮೊದಲ ಜಗಳ.

ಪುಸ್ತಕದ ಪಿಯಾನೊ ಪಾಠಗಳು ನಮ್ಮ ಮಕ್ಕಳಿಗೆ ಹಿಡಿಸಲಿಲ್ಲ. ಹಿಮ ಬೀಳುವ ಪಾಠವನ್ನು ಪಾವಗಡದ ಮಗು ಏನೆಂದು ನುಡಿಸಬೇಕು? ಹಾಗಾಗಿ ನಾನೇ ಸಣ್ಣ ಸಣ್ಣ ತುಣುಕುಗಳನ್ನು ಬರೆಯತೊಡಗಿದೆ. ಸೋಲಾರ್ ಪಾರ್ಕಿನ ಪಕ್ಕದ ರಾಯಚರ್ಲಿನಿಂದ ಬರುವ ಮಗುವಿಗೆ ಸೋಲಾರ್ ಪ್ಲೇಟುಗಳ ತುಣುಕು: ಒಂದೇ ಸ್ವರ ಸಾಲಾಗಿ, ಸಮನಾಗಿ, ಕೊನೆಗೆ ಎಲ್ಲವೂ ಒಟ್ಟಿಗೆ ಸೂರ್ಯನ ಕಡೆ ಒಂದಿಷ್ಟು ವಾಲಬೇಕು. ಹೊಳವನಹಳ್ಳಿಯ ಮಗುವಿಗೆ ಬಸ್ಸಿನ ತುಣುಕು: ಹೊರಡುತ್ತದೆ, ಯಾರೋ ಕೈ ಅಡ್ಡ ಹಾಕುತ್ತಾರೆ, ನಿಲ್ಲುತ್ತದೆ, ಗೊಣಗುತ್ತಾ ಮತ್ತೆ ಹೊರಡುತ್ತದೆ. ಚಿಕ್ಕದನ್ನು ಬರೆಯುವುದು ಸುಲಭ ಅಂದುಕೊಂಡವರು ಒಮ್ಮೆ ಕೂತು ಬರೆಯಲಿ. ಐದು ಬೆರಳು ದಾಟುವ ಹಾಗಿಲ್ಲ, ಮಗುವಿಗೆ ಬೇಸರ ಬರುವ ಹಾಗಿಲ್ಲ, ಕೇಳುವ ತಾಯಿಗೆ ಇದೇನು ಬರೀ ಟಣಟಣ ಅನ್ನಿಸುವ ಹಾಗೂ ಇಲ್ಲ. ಇದರ ಜೊತೆಗೆ ನಾನೇ ಹಾಕಿಕೊಂಡ ಕಟ್ಟಳೆ ಒಂದಿತ್ತು. ಮೊದಲ ಎರಡು ವರ್ಷ ಕರಿ ಮನೆ ಬೇಡ. ಹಾರ್ಮೋನಿಯಂನವರಿಗೆ ಒಂದೊಂದು ಕೀಯೂ ಒಂದೊಂದು ಮನೆ, ಅಪ್ಪನಿಂದ ಬಂದ ಆ ಮಾತು ನನ್ನ ಬಾಯಲ್ಲಿ ಉಳಿದುಬಿಟ್ಟಿದೆ. ಕರಿ ಮನೆಗಳು ಸಪೂರ, ಎಳೆಯ ಬೆರಳು ಜಾರುತ್ತವೆ ಎಂಬುದು ನನ್ನ ವಾದ.

ಆವತ್ತು ನುಡಿಸಬೇಕಾಗಿದ್ದವಳು ಕಳ್ಳಂಬೆಳ್ಳದಿಂದ ಈ ಶಾಲೆಗೆ ಬರುವ ಐದನೇ ಕ್ಲಾಸಿನ ಹುಡುಗಿ. ಹಿಂದಿನ ವರ್ಷ ಇದೇ ವೇದಿಕೆಯಲ್ಲಿ ನಡುವೆ ಮರೆತು ನಿಂತುಬಿಟ್ಟಿದ್ದಳು. ಮೈಕ್ ಹಿಡಿದಿದ್ದ ಮೇಷ್ಟ್ರು, "ಏನಮ್ಮ, ಕರೆಂಟ್ ಹೋಯ್ತಾ?" ಅಂದರು. ಇಡೀ ಸಭೆ ನಕ್ಕಿತು. ಅವರಿಗದು ತಮಾಷೆ. ಈ ಹುಡುಗಿ ಆಮೇಲೆ ತಿಂಗಳುಗಟ್ಟಲೆ ಯಾರ ಮುಂದೆಯೂ ಕೀಬೋರ್ಡ್ ಮುಟ್ಟಲಿಲ್ಲ. ಕ್ಲಾಸಿಗೆ ಬಂದರೂ ಕೈಕಟ್ಟಿ ಕೂರುತ್ತಿದ್ದಳು. ಅವಳು ಮತ್ತೆ ನುಡಿಸಿದ್ದು ಅವಳ ತಾತನಿಂದ. ಕುರಿ ಕಾಯುವ ಅವರು ಕಾದ ಕಂಬಿಯಿಂದ ತೂತು ಕೊರೆದು ತಾವೇ ಮಾಡಿಕೊಂಡ ಕೊಳಲನ್ನು ಸಂಜೆ ಅಂಗಳದಲ್ಲಿ ಊದುವಾಗ, ಒಳಗಿನಿಂದ ಇವಳು ಕೀಬೋರ್ಡಿನಲ್ಲಿ ಉತ್ತರ ಕೊಡುತ್ತಿದ್ದಳಂತೆ. ಅದನ್ನು ಕೇಳಿಸಿಕೊಂಡು ಅವಳಿಗೆಂದೇ ಒಂದು ತುಣುಕು ಬರೆದೆ. ತಾತನ ಕೊಳಲು ಕೇಳುತ್ತದೆ, ಮೊಮ್ಮಗಳ ಬೆರಳು ಉತ್ತರಿಸುತ್ತದೆ. ಐದೇ ಸ್ವರ, ಬೆರಳಿಗೊಂದು, ಎಲ್ಲ ಬಿಳಿ ಮನೆ.

ಈ ವರ್ಷ ವೇದಿಕೆಗೆ ಒಪ್ಪುವಾಗ ಅವಳು ಷರತ್ತು ಹಾಕಿದ್ದಳು. "ತಾತ ಪಕ್ದಾಗೆ ಇರ್ಬೇಕು ಮಿಸ್. ಈ ಸಲನೂ ಕೆಟ್ಟೋದ್ರೆ ನಾನು ಕ್ಲಾಸಿಗೆ ಬರಾಕಿಲ್ಲ." ಗದ್ಗದ ಇಲ್ಲ, ಮುನಿಸಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ಭಯವಾಗಿತ್ತು.

ತಾತನ ಕೊಳಲಿನ ಶ್ರುತಿ ನಮ್ಮ ಬಿಳಿ ಮನೆಗಳಿಗಿಂತ ಅರ್ಧ ಸ್ವರ ಮೇಲೆ. ಕೀಬೋರ್ಡಿನಲ್ಲಿ ಇದಕ್ಕೆಂದೇ ಒಂದು ಬಟನ್ ಇದೆ. ಒಮ್ಮೆ ಒತ್ತಿದರೆ ಎಲ್ಲ ಮನೆಗಳೂ ಅರ್ಧ ಸ್ವರ ಮೇಲೇರುತ್ತವೆ, ಬೆರಳು ಮಾತ್ರ ಇದ್ದಲ್ಲೇ ಇರುತ್ತದೆ. ನಮ್ಮ ಕಡೆ ಭಜನೆಯವರಾಗಲಿ ಆರ್ಕೆಸ್ಟ್ರಾದವರಾಗಲಿ ಆ ಬಟನ್ ನಂಬಿಯೇ ಬದುಕುವವರು. ಹಾಡುವವರ ಗಂಟಲು ಎಲ್ಲಾದರೂ ಇರಲಿ, ಬಟನ್ ಒತ್ತು, ಬಿಳಿ ಮನೆಯಲ್ಲೇ ನುಡಿಸು. ನನ್ನ ಕೀಬೋರ್ಡಿಗೂ ಅವಳ ಕೀಬೋರ್ಡಿಗೂ ನಾನೇ ಅದನ್ನು ಒತ್ತಿಟ್ಟೆ, ಆಮೇಲೆ ಮರೆತೇಬಿಟ್ಟೆ. ಪಿಯಾನೊಗೆ ಅಂಥ ಬಟನ್ ಇಲ್ಲ ಎಂಬುದು ಪಿಯಾನೊ ಕಲಿಸುತ್ತೇನೆಂದು ಬೋರ್ಡ್ ಹಾಕಿಕೊಂಡವಳ ತಲೆಗೇ ಹೊಳೆಯಲಿಲ್ಲ. ಅಂದು ಪಿಯಾನೊ ಇದೆಯಲ್ಲ ಎಂದು ಕೀಬೋರ್ಡ್ ಹೊರದೆ ಬಂದಿದ್ದೆ. ಬೆನ್ನು ಹಗುರವೆಂದು ದಾರಿಯುದ್ದಕ್ಕೂ ಖುಷಿಪಟ್ಟಿದ್ದೆ ಬೇರೆ.

ಕಳ್ಳಂಬೆಳ್ಳಕ್ಕೆ ಯಾರನ್ನಾದರೂ ಓಡಿಸಿ ಅವಳ ಕೀಬೋರ್ಡ್ ತರಿಸೋಣವೆಂದರೆ ಅಷ್ಟರಲ್ಲಿ ನಮ್ಮ ಸರದಿ ಮುಗಿದಿರುತ್ತದೆ. ನಮ್ಮದನ್ನು ಕೊನೆಗೆ ಹಾಕಿ ಎಂದು ಹೆಡ್ ಮಿಸ್ಸನ್ನು ಕೇಳಿದೆ. "ಪಿಯಾನೊ ಕೊಟ್ಟವರು ಬೇಗ ಹೊರಡ್ತಾರಂತೆ, ಫಸ್ಟೇ ಆಗಬೇಕು," ಎಂದರು. ಬಟ್ಟೆ ಮತ್ತೆ ಹೊದಿಸಿದರು. ಕೊಳಲಿನ ತೂತುಗಳನ್ನು ಸರಿಸಲಾಗದು. ಕೊಳಲು ಬಿಟ್ಟರೆ ಹುಡುಗಿ ಮೇಲೆ ಹತ್ತುವುದಿಲ್ಲ. ವೇದಿಕೆಯ ಹಿಂದಿನ ಕ್ಲಾಸ್ ರೂಮಿನಲ್ಲಿ ಕಾಯುತ್ತಿದ್ದ ಅವಳಿಗೆ ವಿಷಯ ಹೇಳಿದೆ.

"ಹಂಗಾರೆ ಬ್ಯಾಡ ಬುಡಿ ಮಿಸ್," ಎಂದು ತಾತನ ಕೈ ಹಿಡಿದು ಬಾಗಿಲ ಕಡೆ ತಿರುಗಿದಳು.

ಆ ಬಾಗಿಲ ಪಕ್ಕದ ಕಪ್ಪು ಹಲಗೆಯ ಕೆಳಗೆ ಸೀಮೆಸುಣ್ಣದ ಚೂರುಗಳಿದ್ದವು. ಒಂದನ್ನು ತೆಗೆದುಕೊಂಡು ಬೆಂಚಿನ ಮೇಲೆ ಮನೆಗಳನ್ನು ಬರೆಯಲು ಕೂತೆ. ಬರೆಯುತ್ತಿದ್ದದ್ದು ಯೋಚಿಸಲಿಕ್ಕೆ, ಅವಳಿಗೆ ತೋರಿಸಲಿಕ್ಕಲ್ಲ. ಅವಳ ಐದು ಬಿಳಿ ಮನೆಗಳಿಗೆ ಚುಕ್ಕಿ ಇಟ್ಟೆ. ಪ್ರತಿಯೊಂದನ್ನೂ ಅರ್ಧ ಸ್ವರ ಮೇಲಕ್ಕೆ ಸರಿಸಿದೆ. ಮೊದಲನೆಯದು ಬಲಗಡೆಯ ಕರಿ ಮನೆಗೆ ಹೋಯಿತು. ಎರಡನೆಯದೂ ಕರಿ. ಮೂರನೆಯದೂ. ಐದೂ ಕರಿಯೇ. ಎರಡರ ಗುಂಪು, ಮೂರರ ಗುಂಪು, ನಡುವೆ ಬೇರೇನೂ ಇಲ್ಲ. ನಾನು ಎರಡು ವರ್ಷ ಮುಟ್ಟಬೇಡ ಎಂದಿದ್ದ ಮನೆಗಳೇ.

"ಬಾರೆ ಇಲ್ಲಿ," ಎಂದೆ. ನನ್ನ ದನಿ ಗದರುವ ಹಾಗಿತ್ತು, ಹೆದರಿದಾಗ ನನ್ನ ದನಿ ಹಾಗೇ. "ಬೆರಳು ಅದೇ. ಒಂದೊಂದು ಬೆರಳನ್ನೂ ಅದರ ಬಲಗಡೆ ಕರಿ ಮನೆಗೆ ಹತ್ತಿಸು. ಅಷ್ಟೇ."

"ಕರಿ ಮನೆ ಬ್ಯಾಡ ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ಈಗ ಬೇಕು ಅಂತೀನಿ."

ಅವಳು ಬೆಂಚಿನ ಮುಂದೆ ಮಂಡಿಯೂರಿದಳು. ತಾತ ಸಣ್ಣಗೆ ಗುನುಗಿದರು, ಸೀಮೆಸುಣ್ಣದ ಮನೆಗಳ ಮೇಲೆ ಅವಳ ಬೆರಳು ಓಡಿದವು. ಸದ್ದಿಲ್ಲದ ಮನೆಗಳು, ಸರಿಯೋ ತಪ್ಪೋ ಗೊತ್ತಾಗುವ ಹಾಗಿಲ್ಲ. ಬೆವರಿಗೆ ಗೆರೆಗಳು ಅಳಿಸುತ್ತಿದ್ದವು, ನಾನು ಮತ್ತೆ ಬರೆಯುತ್ತಿದ್ದೆ. ಸ್ವಾಗತ ಗೀತೆ ಮುಗಿದು ಅತಿಥಿಗಳಿಗೆ ಶಾಲು ಹೊದಿಸುವ ಚಪ್ಪಾಳೆ ಕೇಳಿಸಿತು. ಈ ಮಗುವನ್ನು ನಾನೇ ಕೈಯಾರೆ ನೂಕುತ್ತಿದ್ದೇನೆಯೇ ಅನ್ನಿಸಿತು. ವಾಪಸು ಕರೆದುಕೊಂಡು ಹೋಗಿ ಎಂದು ತಾತನಿಗೆ ಹೇಳಿಯೂಬಿಡುತ್ತಿದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಹೋದ ವರ್ಷದ ಮೇಷ್ಟ್ರೇ.

ನಾನು ಪರದೆಯ ಪಕ್ಕದಲ್ಲಿ ನಿಂತೆ. ತಾತ ಕುರ್ಚಿ ಬೇಡವೆಂದು ನಿಂತೇ ಊದಿದರು. ಮೊದಲ ಪ್ರಶ್ನೆ ಮುಗಿಯಿತು. ಹುಡುಗಿಯ ಕೈ ಇಳಿಯಿತು, ಬಿಳಿ ಮನೆಯ ಮೇಲೆ. ಇಡೀ ಸಭೆಗೆ ಕೇಳಿಸುವಂಥ ಅಪಸ್ವರ. ಅವಳು ಕೈ ಎತ್ತಿಕೊಂಡಳು. ಭುಜ ಮೇಲೇರಿತು, ಹೋದ ವರ್ಷವೂ ಹೀಗೇ ಏರಿತ್ತು. ಮೇಷ್ಟ್ರು ಮೈಕನ್ನು ಬಾಯಿಯ ಹತ್ತಿರ ತಂದರು. ಆ ಗಳಿಗೆಯಲ್ಲಿ ನನ್ನ ಕೈಗೆ ಸಿಕ್ಕಿದ್ದರೆ ಆ ಮೈಕನ್ನು ಕೆರೆಗೆ ಎಸೆಯುತ್ತಿದ್ದೆ.

ತಾತ ಅದೇ ಪ್ರಶ್ನೆಯನ್ನು ಮತ್ತೆ ಊದಿದರು, ಮೊದಲಿನಿಂದ, ಅಂಗಳದಲ್ಲಿ ನಿಂತಿದ್ದಾರೇನೋ ಅನ್ನುವಷ್ಟು ನಿಧಾನವಾಗಿ. ತುಣುಕು ಇರುವುದೇ ಹೀಗೆ ಎಂದುಕೊಂಡರೋ ಏನೋ, ಮೇಷ್ಟ್ರು ಮೈಕ್ ಇಳಿಸಿದರು. ಹುಡುಗಿ ಮನೆಗಳನ್ನು ನೋಡಿದಳು. ಎರಡು ಬೆರಳನ್ನು ಎರಡರ ಗುಂಪಿನ ಮೇಲಿಟ್ಟಳು, ಮೂರನ್ನು ಮೂರರ ಗುಂಪಿನ ಮೇಲೆ. ಕೊಳಲು ನಿಂತಿತು. ಅವಳು ಉತ್ತರ ಕೊಟ್ಟಳು. ಅದು ಕೊಳಲಿಗೆ ಕೂಡಿಕೊಂಡದ್ದು ನನ್ನ ಕಿವಿಗೆ ಬಿದ್ದಾಗ ಅಳು ಬಂದುಬಿಟ್ಟಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಮೇಲೂ ಒಂದೆರಡು ಕಡೆ ಬೆರಳು ಜಾರಿತು. ಅವಳು ನಿಲ್ಲಲಿಲ್ಲ.

ಚಪ್ಪಾಳೆ ಸಾಧಾರಣವಾಗಿತ್ತು. ಮುಂದಿನದು ಡ್ಯಾನ್ಸ್, ಸಭೆಗೆ ಅದರದ್ದೇ ಅವಸರ. ಕೆಳಗಿಳಿದ ಮೇಲೆ ತಾತನಿಗೆ ಕೈಮುಗಿದು, ಎಂಥ ಸಮಯಪ್ರಜ್ಞೆ ನಿಮ್ಮದು ಎಂದೆ. "ಅಂಗೇನೂ ಇಲ್ಲ ಕಣಮ್ಮ," ಎಂದರು. "ಜನ ನೋಡಿ ಉಸ್ರು ಸಾಲ್ದಂಗಾತು. ಎಲ್ಲಿದ್ದೆ ಅಂತ ಮರ್ತೋಗಿ ಮೊದ್ಲಿಂದ ಊದ್ಬುಟ್ಟೆ." ಹುಡುಗಿ ಮಾತ್ರ ತಿರುಗಿಯೂ ನೋಡದೆ ತಾತನ ಹಿಂದೆ ಹೊರಟುಹೋದಳು. ಕ್ಲಾಸಿಗೆ ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಮುಂದಿನ ಶನಿವಾರ ಶಿರಾದ ನನ್ನ ಕ್ಲಾಸಿನಲ್ಲಿ ಅವಳ ಹೊತ್ತು ದಾಟಿತು. ಇನ್ನೊಂದು ಮಗು ಬಂದು ಕಲಿತು ಹೋಯಿತು. ಕಳ್ಳಂಬೆಳ್ಳದ ಕಡೆಯಿಂದ ಬಸ್ಸು ಬಂದಾಗಲೆಲ್ಲ ಕಿಟಕಿಗೆ ಹೋಗಿ ನೋಡಿದೆ. ಕೊನೆಗೆ ಬೇಸತ್ತು ಕೀಬೋರ್ಡನ್ನು ಚೀಲಕ್ಕೆ ಹಾಕಲು ಎತ್ತುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

"ಇದೇನು ಬರೋ ಹೊತ್ತಾ?" ಎಂದು ಗದರಿದೆ.

ಅವಳು ಕೀಬೋರ್ಡನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು ಆನ್ ಮಾಡಿದಳು. ಅರ್ಧ ಸ್ವರ ಏರಿಸುವ ಆ ಬಟನ್ ಹುಡುಕಿ ಒತ್ತಿ ಅಂಕಿಯನ್ನು ಸೊನ್ನೆಗೆ ತಂದಳು. ಐದು ಬೆರಳನ್ನೂ ಕರಿ ಮನೆಗಳ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದಳು.

"ಇನ್ನೊಂದ್ ಬರ್ಕೊಡಿ ಮಿಸ್. ಈ ಸಲ ನಾನು ಕೇಳ್ತೀನಿ. ತಾತ ಉತ್ರ ಕೊಡ್ಲಿ."