ಪಿಸ್ಟನ್ ಓದುತ್ತಿದ್ದವರು

ಚಿಂತಾಮಣಿಯಲ್ಲಿ ನನ್ನ ಗುಜರಿ ಡರ್ಟ್ ಬೈಕಿಗೆ ಮರುಜೀವ ಕೊಡಲು ಹೊರಟಿದ್ದ ಮೆಕ್ಯಾನಿಕ್, ಗಿರಾಕಿಗಳ ಮಾತನ್ನು ಎಂದೂ ನಂಬುತ್ತಿರಲಿಲ್ಲ. ತಮ್ಮ ಗಾಡಿಯನ್ನು ಷೋರೂಮಿನಿಂದ ಹೊಸದಾಗಿ ತಂದು, ಇಂದಿನವರೆಗೂ ಇನ್ನೊಬ್ಬರ ಕೈಗೆ ಕೊಡದ ಮನುಷ್ಯ ಅವರು. "ಪಿಸ್ಟನ್ ಸುಳ್ಳು ಹೇಳಲ್ಲ ಕಣಪ್ಪ" ಎನ್ನುವುದು ಅವರ ಪಲ್ಲವಿ.

ರಿಪೇರಿ ಮುಗಿಯುವ ಮೊದಲೇ ಆಸೆ ತಡೆಯಲಾರದೆ ನಾನು ಬೈಕನ್ನು ಕೈವಾರದವರೆಗೆ ಓಡಿಸಿದ್ದೆ. ವಾಪಸ್ ಬರುವ ದಾರಿಯಲ್ಲಿ ಎಂಜಿನ್ ಜಾಮ್ ಆಗಿ, ಗಾಡಿಯನ್ನು ಹೇಗೋ ಅವರ ಗ್ಯಾರೇಜಿಗೆ ಸಾಗಿಸಿದೆ. ಅವರು ಪಿಸ್ಟನ್ ಹೊರತೆಗೆದು, ಹಳೆಯ ಬನಿಯನ್ನಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದರು. ಒಂದು ಬದಿಯಲ್ಲಿ ಉದ್ದುದ್ದ ಗೀರುಗಳಿದ್ದವು.

"ಹಳೇ ಓನರ್ ಕೆಲಸ" ಎಂದೆ.

"ಹಳೇ ಗೀರಾಗಿದ್ರೆ ಮಸಿ ಕೂತಿರ್ತಿತ್ತು. ಇದು ಫಳಫಳ ಹೊಳೀತೈತೆ, ಆಯಿಲ್ ಇಲ್ದೆ ಉಜ್ಜಿರೋ ಹೊಸ ಗೀರು. ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೆತೆ ತಾನೇ?"

ಮರೆತಿದ್ದೆ. ಅವರ ನೋಟ ತಪ್ಪಿಸಲು ಗೋಡೆಯತ್ತ ತಿರುಗಿದೆ. ದೇವರ ಪಟದ ಮುಂದೆ ಊದುಬತ್ತಿ ಸಿಕ್ಕಿಸಲು ಇನ್ನೊಂದು ಪಿಸ್ಟನ್ ಇತ್ತು. ಅದರ ಮೇಲೆ ನನ್ನದಕ್ಕಿಂತ ಆಳವಾದ ಗೀರುಗಳು.

"ಇದು ಯಾವ ಗಾಡೀದು ಸಾರ್?"

"ನಮ್ದೇ."

ಅವರು ಬೂದಿ ಊದಿ, ಗೀರಿದ್ದ ಬದಿಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟರು.

"ಹಳೇ ಓನರ್ ಕೆಲಸ ಕಣಪ್ಪ."