ಬಾನೆಟ್ ಮೇಲಿನ ಉಣ್ಣೆ ದಾರ

ಬೆಟ್ಟದ ಮೇಲಿನ ಊರು ಎಲ್ ಆಲ್ಟೋದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಲ್ವೀರಾ ಚಂಬಿ ಹಳೇ ಟ್ಯಾಕ್ಸಿಯ ಬಾನೆಟ್ ಮೇಲೆ ಬಗ್ಗಿ, ಇಂಜಿನ್ ಬಿಸಿ ಹೊರಹೋಗಲೆಂದು ತಾವೇ ಕೊರೆದ ನಾಲ್ಕು ಕಿಂಡಿಗಳ ಅಂಚಿಗೆ ಗೇಣುದ್ದದ ಕೆಂಪು ಉಣ್ಣೆ ದಾರ ಅಂಟಿಸುತ್ತಿದ್ದಾರೆ. ಚಳಿ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ.

ಟ್ಯಾಕ್ಸಿ ಚಾಲಕ ಫಾಸ್ಟೋನದು. ಏಳಕ್ಕೆ ಐದು ಜನರನ್ನು ಕೂರಿಸಿಕೊಂಡು ಅವನು ಲಾ ಕುಂಬ್ರೆ ಘಾಟಿ ಹತ್ತಬೇಕು. ಈ ತಿಂಗಳು ಎರಡು ಸಲ ಅಲ್ಲೇ ರೇಡಿಯೇಟರ್ ನೀರು ಕುದ್ದು ಗಾಡಿ ನಿಂತಿದೆ. ಇನ್ನೊಂದು ಸಲ ನಿಂತರೆ ಪಾಳಿಯಿಂದ ಹೆಸರು ಹೊಡೆದುಹಾಕುವುದಾಗಿ ಚಾಲಕರ ಸಂಘ ಹೇಳಿಬಿಟ್ಟಿದೆ.

ಅಪ್ಪನ ಜೊತೆ ಒಲೆ, ಹೊಗೆಕೊಳವೆ ಮಾಡುತ್ತಲೇ ತಗಡಿನ ಕೆಲಸ ಕಲಿತ ಎಲ್ವೀರಾ ಇಪ್ಪತ್ತಾರು ವರ್ಷದಲ್ಲಿ ಮುನ್ನೂರು ಬಾನೆಟ್ ಕೊರೆದಿದ್ದಾರೆ. ಗಾಡಿಗೆ ಬಣ್ಣ ಹೊಡೆದವನ ಹೆಸರು ಊರಿಗೆಲ್ಲ ಗೊತ್ತು, ಇವರದು ಯಾರಿಗೂ ಗೊತ್ತಿಲ್ಲ. ಈ ಗಾಡಿಯಲ್ಲಿ ಮುಂದಿನ ಎರಡು ಕಿಂಡಿ ಇವರ ಲೆಕ್ಕಾಚಾರ. ಗಾಜಿನ ಹತ್ತಿರದ ಎರಡು ಫಾಸ್ಟೋನ ಹಟ.

"ಚೆಂದ ಕಾಣತ್ತೆ ಅಂತ ಗೋಗರೆದ. ನಾನೂ ಹೂಂ ಅಂದೆ. ನನ್ನ ಬುದ್ಧಿಗಿಷ್ಟು!" ಅನ್ನುತ್ತಾರೆ ಎಲ್ವೀರಾ.

ಪರೀಕ್ಷೆಗೆಂದು ಫಾಸ್ಟೋ ಖಾಲಿ ರಸ್ತೆಯಲ್ಲಿ ಗಾಡಿ ಓಡಿಸುತ್ತಾನೆ. ಎಲ್ವೀರಾ ಪಕ್ಕದಲ್ಲಿ ಕೂತು, ಗಾಳಿ ದಾರವನ್ನು ಎತ್ತ ಎಳೆಯುತ್ತದೆಂದು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮುಂದಿನ ದಾರಗಳು ಎದ್ದು ಪಟಪಟ ಹಾರುತ್ತವೆ. ರೇಡಿಯೇಟರ್ ದಾಟಿದ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತಿದೆ. ಗಾಜಿನ ಬುಡದ ದಾರಗಳು ಮಾತ್ರ ಕಿಂಡಿಯೊಳಗೆ ನುಗ್ಗಿವೆ.

"ನಿಲ್ಸೋ ಮಾರಾಯಾ! ಗಾಳಿ ಗಾಜಿಗೆ ಬಡಿದು ಅಲ್ಲೇ ಒತ್ತಿ ಒಳಗೆ ನುಗ್ತಾ ಇದೆ. ಬಿಸಿ ಹೊರಗೆ ಹೋಗೋದು ಹೆಂಗೆ?"

"ಅಕ್ಕಾ, ಆರೂವರೆ ಆಯ್ತು!"

"ಚೆಂದ ಬೇಕಿತ್ತಲ್ಲ ನಿಂಗೆ, ಸುಮ್ನೆ ತಗಡು ಹಿಡ್ಕೋ."

ಹಿಂದಿನ ಕಿಂಡಿಗಳಿಗೆ ತಗಡು ಕೂರಿಸಿ ರಿವೆಟ್ ಹೊಡೆಯುವಷ್ಟರಲ್ಲಿ ಏಳು. ಹೊರಡುವ ಮುನ್ನ ಫಾಸ್ಟೋ ಪದ್ಧತಿಯಂತೆ ಬಾನೆಟ್‌ಗೆ ಮದ್ಯ ಚಿಮುಕಿಸಿ ಹೂವಿನ ಎಸಳು ಎರಚುತ್ತಾನೆ. ಎಲ್ವೀರಾ ಓಡಿಬಂದು ಕಿಂಡಿಯೊಳಗೆ ಬಿದ್ದ ಎಸಳುಗಳನ್ನು ಒಂದೊಂದಾಗಿ ಹೆಕ್ಕುತ್ತಾರೆ.

"ದೇವ್ರಿಗೆ ಚಕ್ರದ ಮೇಲೆ ಹಾಕು, ಕಿಂಡಿ ಮುಚ್ಚಬೇಡ!"

ಗಾಡಿ ಹೋದಮೇಲೆ ಚಹಾ ತಣ್ಣಗಾಗುತ್ತದೆ, ಕುಡಿಯಲು ಮನಸ್ಸಿಲ್ಲ. ಇವತ್ತು ಏನಾಗಲಿ ಅಂತ ನಿಮ್ಮಾಸೆ ಎಂದು ಕೇಳಿದರೆ ಫೋನನ್ನೇ ನೋಡುತ್ತ ಹೇಳುತ್ತಾರೆ: "ಕೆಲಸ ಕೆಟ್ರೆ ಮಾತ್ರ ಜನ ನನ್ನ ನೆನೆಸ್ಕೊಳ್ಳೋದು. ಇವತ್ತು ಯಾರೂ ನೆನೆಸ್ಕೊಳ್ದೆ ಇದ್ರೆ ಸಾಕು."

ಎಂಟೂವರೆಗೆ ಫೋನ್ ಬಡಿದುಕೊಳ್ಳುತ್ತದೆ. ಎತ್ತಲು ಧೈರ್ಯವಿಲ್ಲ, ಆದರೂ ಎತ್ತುತ್ತಾರೆ.

"ಅಕ್ಕಾ, ಘಾಟಿ ಮೇಲಿದೀನಿ," ಫಾಸ್ಟೋ ರೇಗುತ್ತಾನೆ. "ಏನ್ ಮಾಡಿಟ್ಟೆ ನೀನು? ಮೊದಲೆಲ್ಲ ಇಂಜಿನ್ ಬಿಸಿಗೆ ಕಾಲು ಬೆಚ್ಚಗಿರ್ತಿತ್ತು. ಈಗ ಮರಗಟ್ಟಿ ಹೋಗಿದೆ!"

ಗಾಡಿ ಎಲ್ಲೂ ನಿಲ್ಲದೆ ಘಾಟಿ ಹತ್ತಿದೆ. ಎಲ್ವೀರಾ ಅಲ್ಲೇ ಡಬ್ಬದ ಮೇಲೆ ಕೂರುತ್ತಾರೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಕಂಬಳಿ ಹೊದ್ಕೊಳ್ಳೋ," ಅನ್ನುತ್ತಾರೆ.