ಹರಕೆಯ ಮುಡಿ, ಕರಡಿಯ ಕೈ

ರೊಳ್ಳದ ಕಡೆಯ ನಮ್ಮ ಹಳ್ಳಿಯಲ್ಲಿ ಬರೀ ಈಶ್ವರಮ್ಮ ಎಂದು ಕೇಳಿದರೆ ಯಾವ ಈಶ್ವರಮ್ಮ ಎನ್ನುತ್ತಾರೆ. ಪುಕ್ಕಲು ಈಶ್ವರಿ ಎಂದರೆ ದನ ಕಾಯುವವನೂ ಮನೆ ತೋರಿಸುತ್ತಾನೆ. ಅವಳು ಬಾವಿಯ ಕಟ್ಟೆಯ ಮೇಲೆ ಕೂತವಳಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಾಳೆ. ಮೋಡ ಕಪ್ಪಾದರೆ ಸಾಕು, ಗುಡುಗುವ ಮೊದಲೇ ಗುದ್ದಲಿ ಕುಡುಗೋಲು ಎಲ್ಲ ಅಂಗಳದಿಂದ ಒಳಕ್ಕೆ. ದಾರಿಯಲ್ಲಿ ಬಿದ್ದ ಹಗ್ಗವನ್ನೂ ಹಾವೆಂದು ಸುತ್ತಿ ಬಳಸಿ ಹೋಗುವ ಹೆಂಗಸು ಎಂದು ನಗುವವರು ನಗುತ್ತಾರೆ.

ನಗುವವರು ಅವಳ ಹುಳುಮನೆಯನ್ನು ಒಮ್ಮೆ ನೋಡಬೇಕು. ರೇಷ್ಮೆ ಹುಳುವಿನ ತಟ್ಟೆ ಹೊತ್ತ ಸ್ಟ್ಯಾಂಡಿನ ಒಂದೊಂದು ಕಾಲೂ ನೀರು ತುಂಬಿದ ಬಟ್ಟಲಿನೊಳಗೆ ನಿಂತಿರುತ್ತದೆ, ಇರುವೆ ಹತ್ತಬಾರದೆಂದು. ಕಿಟಕಿಗೆ ಬಲೆ, ಬಾಗಿಲಿಗೆ ಸುಣ್ಣದ ಪುಡಿ. ಹೊಗೆಸೊಪ್ಪು ಮುಟ್ಟಿದ ಕೈ ಆ ಹೊಸಿಲು ದಾಟುವಂತಿಲ್ಲ, ಕೈ ದೇವರದೇ ಆದರೂ ಸರಿ. ಊರವರೆಲ್ಲ ಸತ್ತ ಹುಳುಗಳನ್ನು ತಿಪ್ಪೆಗೆ ಸುರಿದ ವರ್ಷವೂ ಅವಳ ಮನೆಯ ಗೂಡು ಮಾರುಕಟ್ಟೆಗೆ ಹೋಯಿತು. ಅದರ ಗುಟ್ಟೇನು ಎಂದು ಕೇಳಿದ್ದಕ್ಕೆ ಅವಳು ನನಗೆ ಹೇಳಿದ್ದು ಇಷ್ಟೇ: "ಧೈರ್ಯ ಇರೋರು ಉಳಾ ಸಾಕಬಾರ್ದು ಕಣ್ ಜಯಣ್ಣ. ಇರುವೆ ತಟ್ಟೆಗೆ ಬಂದ್ಮೇಲೇ ಗೊತ್ತಾಗೋದು ಅವ್ರಿಗೆ."

ಇಂಥವಳಿಗೆ ಒಬ್ಬಳೇ ಮಗಳು, ಸೌಭಾಗ್ಯ. ರಾಯದುರ್ಗಕ್ಕೆ ಕೊಟ್ಟಿದ್ದಳು. ಅಳಿಯ ರವಿಶಂಕರ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಸುವವನು. ತುಂಬಿದ ಮೈ, ಬಾಯಿ ತುಂಬ ಮಾತು, ಮನಸ್ಸೂ ಕೆಟ್ಟದ್ದಲ್ಲ. ಸೌಭಾಗ್ಯಳ ಮೊದಲೆರಡು ಕೂಸು ಕೈಗೆ ಹತ್ತಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಈಶ್ವರಮ್ಮ ಹೇಮಾವತಿಗೆ ಹೋಗಿ ಸಿದ್ದೇಶ್ವರನ ಮುಂದೆ ಸೆರಗೊಡ್ಡಿದಳು. ಕೂಸು ಉಳಿದರೆ ಐದು ತುಂಬುವ ತನಕ ಕತ್ತರಿ ಸೋಕಿಸುವುದಿಲ್ಲ, ಮೊದಲ ಮುಡಿ ನಿನ್ನ ಬಾಗಿಲಲ್ಲೇ ತೆಗೆಸುತ್ತೇನೆ ಎಂದು ಹರಕೆ ಹೊತ್ತಳು.

ಕೂಸು ಉಳಿಯಿತು. ಯುವರಾಜ್ ಎಂದು ಹೆಸರಿಟ್ಟರು. ಹುಡುಗ ಬೆಳೆದದ್ದಕ್ಕಿಂತ ಜೋರಾಗಿ ಕೂದಲು ಬೆಳೆಯಿತು. ಅದನ್ನು ನೆತ್ತಿಯ ಮೇಲೆ ಸುತ್ತಿ ತುರುಬು ಕಟ್ಟುವರು, ಸಣ್ಣ ತೆಂಗಿನಕಾಯಿ ಕೂರಿಸಿದಂತೆ ಕಾಣುವುದು. ಆ ತುರುಬಿಗೆ ಈಶ್ವರಮ್ಮನದೇ ಕಟ್ಟಳೆ: ಸೋಮವಾರ ದೀಪ ಹಚ್ಚಿ, ದೇವರ ಮುಂದೆ ಬಿಚ್ಚಿ, ಎಣ್ಣೆ ನೀರು ಹಾಕಿ ಮತ್ತೆ ಕಟ್ಟಬೇಕು. ಹೊಸಿಲಿನಾಚೆ ಬಿಚ್ಚಕೂಡದು. ಹರಕೆಯ ಮುಡಿ ಬಯಲಲ್ಲಿ ಬಿಚ್ಚಿದರೆ ಗಾಳಿ ಸೋಕುತ್ತದೆ, ಕೊಟ್ಟವನೇ ಕಿತ್ತುಕೊಳ್ಳುತ್ತಾನೆ. ಎರಡು ಕೂಸು ಮಣ್ಣಿಗೆ ಕೊಟ್ಟ ಮನೆಯಲ್ಲಿ ಈ ಮಾತಿಗೆ ಯಾರು ಎದುರಾಡುತ್ತಾರೆ?

ಹೋದ ಬೇಸಿಗೆಯಲ್ಲಿ ಮಗಳು ಅಳಿಯ ಊರಿಗೆ ಬಂದರು. ಹರಕೆ ತೀರಿಸಲು ಇನ್ನು ಕೆಲವೇ ತಿಂಗಳು ಉಳಿದಿದ್ದವು. ಶಿರಾ ದಾಟಿ ಹೆದ್ದಾರಿಯ ಪಕ್ಕ ಹೊಸದೊಂದು ಪಾರ್ಕು ಆಗಿದೆ, ನೀರಾಟ, ಉಯ್ಯಾಲೆ, ರೈಲು ಎಲ್ಲ ಇದೆ, ಮಗನನ್ನು ಕರೆದೊಯ್ಯೋಣ ಎಂದು ರವಿಶಂಕರ ಗಾಡಿ ಗೊತ್ತುಮಾಡಿದ. ಪಕ್ಕದ ಮನೆಯವನೆಂದು ನನ್ನನ್ನೂ ಹತ್ತಿಸಿಕೊಂಡರು. ಗಾಡಿ ಶಿರಾ ಮುಟ್ಟುವ ಮೊದಲೇ ಈಶ್ವರಮ್ಮ ಆರು ಸಲ 'ನಿಧಾನ' ಎಂದಿದ್ದಳು.

"ಅತ್ತಿ, ಇವತ್ತೊಂದು ದಿನ ಯಾವುದಕ್ಕೂ ಬ್ಯಾಡ ಅನ್ನಬ್ಯಾಡ್ರಿ. ನನಗ ಮಾತು ಕೊಡ್ರಿ" ಎಂದ ರವಿಶಂಕರ, ನಗುತ್ತಲೇ.

"ಅನ್ನಲ್ಲ ಬಿಡ್ರಪ್ಪ."

"ನಿಮ್ಮ ಪುಕ್ಕಲುತನ ನನ್ನ ಮಗಗ ಅಂಟಬಾರದು ನೋಡ್ರಿ. ಅವ ಗಂಡು ಅದಾನ."

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆ ದಿನ ಸೋಮವಾರ, ಬೆಳಿಗ್ಗೆ ಅವಳೇ ದೇವರ ಮುಂದೆ ಮೊಮ್ಮಗನ ತಲೆ ಬಾಚಿದ್ದಳು. ನೀರಾಟದಲ್ಲಿ ಮುಡಿ ನೆನೆದೀತು ಎಂದು ಎಂದಿಗಿಂತ ಎತ್ತರಕ್ಕೆ, ಎಂದಿಗಿಂತ ಬಿಗಿಯಾಗಿ, ಕೆಂಪು ಬಟ್ಟೆಯ ಪಟ್ಟಿ ಸುತ್ತಿ ತುರುಬು ಕಟ್ಟಿದ್ದಳು.

ಪಾರ್ಕಿನ ಬಾಗಿಲಲ್ಲಿ ಹಲಗೆಯ ಕರಡಿಯೊಂದು ಒಂದು ಕೈ ಚಾಚಿಕೊಂಡು ನಿಂತಿತ್ತು. ಮಕ್ಕಳು ಆ ಕೈಯ ಕೆಳಗೆ ನಿಲ್ಲಬೇಕು. ತಲೆ ಕೈಗೆ ತಾಗಿದರೆ ಮಣಿಕಟ್ಟಿಗೆ ಹಳದಿ ಪಟ್ಟಿ. ದೊಡ್ಡವರ ಜೊತೆ ದೊಡ್ಡ ಆಟಗಳಿಗೆ ಹೋಗಬಹುದು. ತಾಗದಿದ್ದರೆ ಹಸಿರು ಪಟ್ಟಿ, ಬಾತುಕೋಳಿ ದೋಣಿ ಅಷ್ಟೇ. ಯೂನಿಫಾರ್ಮು ತೊಟ್ಟ ಹೆಂಗಸು ಅಳೆದು ಅಳೆದು ಪಟ್ಟಿ ಕಟ್ಟುತ್ತಿದ್ದಳು. ಹಿಂದೆ ಜನವೋ ಜನ. ಯುವರಾಜ್ ಹೋಗಿ ನಿಂತ. ಕರಡಿಯ ಕೈ ತುರುಬನ್ನು ಒತ್ತಿತು.

"ಜುಟ್ಟು ಚೆನ್ನಾಗಿದೆ ಪುಟ್ಟ" ಎಂದು ಆ ಹೆಂಗಸು ಹಳದಿ ಪಟ್ಟಿ ಕಟ್ಟಿ, "ಮುಂದಿನೋರು ಬನ್ನಿ" ಎಂದಳು.

"ನನ್ನ ಮಗ ಪಾಸಾದ!" ಎಂದು ರವಿಶಂಕರ ಅವನನ್ನು ಹೆಗಲಿಗೇರಿಸಿದ.

ಈಶ್ವರಮ್ಮನ ಮುಖ ನೋಡಿದೆ. ನೋಡಬಾರದ್ದು ನೋಡಿದವಳ ಹಾಗೆ ನಿಂತಿದ್ದಳು. "ಜಯಣ್ಣ, ಅದು ತಲೆಗೆಲ್ಲಿ ತಾಕ್ತು? ಗಂಟಿಗಲ್ವ ತಾಕಿದ್ದು?" ಎಂದಳು ಮೆಲ್ಲಗೆ. ಹೇಳೋಣವೆಂದರೆ ಅವಳು ಮಾತು ಕೊಟ್ಟಾಗಿತ್ತು. ಅಳಿಯನ ಮುಖದಲ್ಲಿ ಹಬ್ಬವಿತ್ತು. ಅವಳು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು.

ಮೊದಲು ಹಡಗಿನ ಆಕಾರದ ದೊಡ್ಡ ಉಯ್ಯಾಲೆ. ತಂದೆ ಮಗ ಕೊನೆಯ ಸಾಲಿನಲ್ಲಿ ಕೂತರು. ಕಬ್ಬಿಣದ ಸರಳು ತೊಡೆಯ ಮೇಲೆ ಇಳಿಯಿತು. ಇಬ್ಬರಿಗೂ ಒಂದೇ ಸರಳು. ಅದು ರವಿಶಂಕರನ ಹೊಟ್ಟೆಗೆ ತಾಗಿ ಅಲ್ಲೇ ನಿಂತಿತು. ಮಗನ ತೊಡೆಗೂ ಸರಳಿಗೂ ನಡುವೆ ಒಂದು ಚೊಂಬು ಇಡುವಷ್ಟು ಜಾಗ. ಕೆಳಗೆ ಬೇಲಿಯ ಹತ್ತಿರ ನಿಂತಿದ್ದ ನಮಗೆ ಅದು ಕಂಡಿತು. ಕಾಣುವಷ್ಟರಲ್ಲಿ ಹಡಗು ಚಲಿಸಿತು.

ಮೊದಲು ತೊಟ್ಟಿಲಿನ ಹಾಗೆ. ಆಮೇಲೆ ಗುಡಿಯ ಗಂಟೆ ತೂಗಿದ ಹಾಗೆ. ಆಮೇಲೆ ಹಡಗಿನ ಬಾಲ ಆಕಾಶಕ್ಕೆ ಹೋಗಿ ಗಳಿಗೆ ಹೊತ್ತು ನಿಂತಂತಾಗಿ ಕೆಳಗೆ ಬಂತು. ಹಾಗೆ ನಿಂತಾಗಲೆಲ್ಲ ಹುಡುಗ ಸೀಟಿನಿಂದ ಮೇಲಕ್ಕೆದ್ದ. ಕೂತವನು ಕೂತ ಹಾಗೆಯೇ ತೇಲಿದ, ಕಾಳು ಕೇರುವಾಗ ಮೊರದಿಂದೇಳುವ ಹೊಟ್ಟಿನ ಹಾಗೆ. ರವಿಶಂಕರ ಎರಡೂ ಕೈಯಲ್ಲಿ ಸರಳನ್ನು ಹಿಡಿದು ಕಣ್ಣು ಮುಚ್ಚಿದ್ದ. ಸುತ್ತಲಿನವರು ಕಿರುಚುತ್ತಿದ್ದರು. ಹುಡುಗ ಮಾತ್ರ ಕಿರುಚಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

"ಸಿದ್ದಪ್ಪಾ, ಸಿದ್ದಪ್ಪಾ" ಎನ್ನುತ್ತಿದ್ದಳು ಈಶ್ವರಮ್ಮ. ಬೇಲಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಿಲ್ಲಿಸಿ ಎಂದು ನಾನು ಕೂಗಿದೆ. ಆ ಗದ್ದಲದಲ್ಲಿ ನನ್ನ ಕೂಗು ಯಾರಿಗೆ ಬೇಕು?

ಮತ್ತೊಂದು ಸಲ ಬಾಲ ಮೇಲೆ ಹೋದಾಗ ಅಲ್ಲಿಂದ ಏನೋ ಉದುರಿತು. ಸೌಭಾಗ್ಯ ಚಿಟ್ಟನೆ ಚೀರಿದಳು. ಪಟ್ ಎಂದು ಈಶ್ವರಮ್ಮನ ಕಾಲ ಬಳಿ ಬಿದ್ದದ್ದು ಹುಡುಗನ ಒಂದು ಕಾಲಿನ ಚಪ್ಪಲಿ. ಅವಳು ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಮೇಲೆ ನೋಡಲಿಲ್ಲ. ಹಡಗು ನಿಂತ ಸದ್ದಾಗುವ ತನಕ ನೆಲವನ್ನೇ ನೋಡುತ್ತಿದ್ದಳು.

ಇಳಿದು ಬಂದ ಹುಡುಗನ ಚಡ್ಡಿ ನೆನೆದಿತ್ತು. "ಅಮ್ಮಮ್ಮಾ" ಎಂದು ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದ.

"ಮೊದಲನೇ ಸಲ ಹಂಗ ಆಕ್ಕೈತಿ" ಎಂದ ರವಿಶಂಕರ. ಅವನ ಮುಖವೂ ಬೆವತಿತ್ತು. ಆದರೆ ಗಂಡಸು ಒಮ್ಮೆ ಹೆದರಿದರೆ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿ ಅದನ್ನು ಮುಚ್ಚಿಕೊಳ್ಳುತ್ತಾನೆ. "ರೈಲು ಹತ್ತಿಸಿದರ ಎಲ್ಲಾ ಮರೀತಾನ. ಬಾ ಮಗಾ."

"ಸಾಕು ಬಿಡ್ರಿ" ಎಂದಳು ಸೌಭಾಗ್ಯ.

"ನೀನೂ ನಿಮ್ಮವ್ವನ ರಾಗ ಸುರು ಮಾಡಬ್ಯಾಡ."

ಆ ರೈಲು ಗುಡ್ಡದೆತ್ತರ ಹತ್ತಿ ಸರಕ್ಕನೆ ಕೆಳಕ್ಕೆ ಬೀಳುವಂಥದ್ದು. ಅದರ ಬಾಗಿಲಲ್ಲೂ ಒಂದು ಕರಡಿ. ಆದರೆ ಕಾವಲಿನವನು ಅಳೆಯಲಿಲ್ಲ, ಹಳದಿ ಪಟ್ಟಿ ನೋಡಿ ಸರಪಳಿ ತೆಗೆಯುತ್ತಿದ್ದ. ತಂದೆ ಮಗನ ಕೈಹಿಡಿದು ಸರಪಳಿಯ ಹತ್ತಿರ ಬಂದ. ಹುಡುಗ ಒಂದೇ ಚಪ್ಪಲಿಯಲ್ಲಿ ಕುಂಟುತ್ತ, ತಿರುಗಿ ತಿರುಗಿ ಅಜ್ಜಿಯನ್ನು ನೋಡುತ್ತಿದ್ದ.

ಈಶ್ವರಮ್ಮ ಸಾಲಿನೊಳಗೆ ನುಗ್ಗಿದಳು. ನಾಲ್ಕು ಜನರ ಮುಂದೆ ಮಾತಾಡದ ಹೆಂಗಸು. "ಅಳಿಯಂದ್ರೇ, ನಾನು ಬ್ಯಾಡ ಅನ್ನಲ್ಲ. ಮಾತು ಕೊಟ್ಟಿವ್ನಿ. ಮತ್ತೊಂದು ಸಲ ಅಳೀಲಿ, ಅಷ್ಟೇ."

"ಅಳದಾರಲ್ಲ ಅತ್ತಿ, ಪಟ್ಟಿ ಕಟ್ಯಾರಲ್ಲ!"

"ಅಳೆದಿದ್ದು ನನ್ ಗಂಟನ್ನ ಕಣ್ರಪ್ಪ. ಬೆಳಿಗ್ಗೆ ನಾನೇ ಕಟ್ಟಿದ್ದು."

ಹುಡುಗನನ್ನು ಕರಡಿಯ ಕೈಯ ಕೆಳಗೆ ನಿಲ್ಲಿಸಿದಳು. ತುರುಬಿನ ಮೇಲೆ ಅವಳ ಕೈ ಹೋಯಿತು, ಹಿಂದೆ ಬಂತು. "ಅಮ್ಮಾ, ಇಲ್ಲಿ ಬ್ಯಾಡ" ಎಂದು ಸೌಭಾಗ್ಯ ಓಡಿ ಬಂದಳು. ತಾಯಿ ಮಗಳ ಕಣ್ಣು ಒಂದಕ್ಕೊಂದು ಸಿಕ್ಕಿದವು. ಇಬ್ಬರ ಕಣ್ಣಲ್ಲೂ ಆ ಎರಡು ಕೂಸುಗಳೇ ಇದ್ದವೆಂದು ನಾನು ತಿಳಿದಿದ್ದೇನೆ. ಅತ್ತ ರೈಲು ಗಡಗಡ ಎನ್ನುತ್ತಿತ್ತು, ಇತ್ತ ಬಟ್ಟಬಯಲು.

"ತಪ್ಪು ನಂದು ಸಿದ್ದಪ್ಪ, ಮಗೀದಲ್ಲ. ಹಿಡಿಯೋದಾದ್ರೆ ನನ್ನ ಹಿಡಿ" ಎಂದು ಕೆಂಪು ಪಟ್ಟಿ ಎಳೆದುಬಿಟ್ಟಳು.

ಮುಡಿ ಬಿಚ್ಚಿ ಸೊಂಟದ ತನಕ ಇಳಿಯಿತು. ಜನ 'ಆ!' ಎಂದರು. ಕರಡಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಹುಡುಗನ ನೆತ್ತಿ ಎಲ್ಲೋ ಕೆಳಗೆ. ಕಾವಲಿನವನು ಜೇಬಿನಿಂದ ಕತ್ತರಿ ತೆಗೆದ. ಕತ್ತರಿ ಕಂಡದ್ದೇ ಈಶ್ವರಮ್ಮ ಮೊಮ್ಮಗನ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿದಳು. ಅವನು ಕತ್ತರಿಸಿದ್ದು ಹಳದಿ ಪಟ್ಟಿಯನ್ನು.

ರವಿಶಂಕರ ತನ್ನ ಅಂಗೈಯನ್ನು ಮಗನ ನೆತ್ತಿಗೂ ಕರಡಿಯ ಕೈಗೂ ನಡುವೆ ತೂರಿಸಿದ. ಅಂಗೈ ಅಡ್ಡಡ್ಡ ಹಿಡಿದರೂ ಇನ್ನೂ ಜಾಗ ಉಳಿಯಿತು. ಅಲ್ಲೇ ನಿಂತ. ಹಿಂದಿನವರು "ಸರೀರಿ ಸಾರ್" ಎಂದರೂ ಸರಿಯಲಿಲ್ಲ. ಆ ಹೊತ್ತಿಗೆ ಹಡಗು ಮತ್ತೆ ಮೇಲೇರಿ ಜನ ಕಿರುಚಿದರು. ಅವನು ಬೆಚ್ಚಿಬಿದ್ದು ಮಗನನ್ನು ಬಾಚಿ ಎತ್ತಿಕೊಂಡ.

ವಾಪಸು ಹೊರಟೆವು. "ಹೇಮಾವತಿ ಮ್ಯಾಲೆ ಹೋಗಣ, ಸಿದ್ದಪ್ಪಗ ತಪ್ಪುಕಾಣಿಕಿ ಹಾಕಣ" ಎಂದು ರವಿಶಂಕರನೇ ಡ್ರೈವರಿಗೆ ಹೇಳಿದ. ಹುಡುಗ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಬಿಚ್ಚಿದ ಮುಡಿಯನ್ನೆಲ್ಲ ಅವಳು ಸೆರಗಿನಲ್ಲಿ ಮುಚ್ಚಿ, ಗಾಡಿಯ ಕಿಟಕಿ ಏರಿಸಿ, ಆಗಾಗ ಅವನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಗುಡಿಗೆ ಹೋಗುವ ಮೊದಲು ಕಟ್ಟಬೇಕೆಂದು ಕೂದಲು ಕೈಗೆ ತೆಗೆದುಕೊಂಡಳು. ಕುಲುಕುವ ಗಾಡಿಯಲ್ಲಿ ಸುತ್ತು ನಿಲ್ಲಲಿಲ್ಲ. ಮತ್ತೆ ಸುತ್ತಿದಳು, ಮತ್ತೆ ಜಾರಿತು.

"ಇಲ್ಲಿ ಕೊಡ್ರಿ ಅತ್ತಿ" ಎಂದ ರವಿಶಂಕರ. ದಾರ, ಬಟ್ಟೆ, ಗಂಟು ಅವನ ದಿನದ ಕಸುಬು. ಆದರೂ ಮಗನ ಕೂದಲಿಗೆ ಕೈಹಾಕಿ ತಡೆದ. "ಎಲ್ಲಿ ಕಟ್ಲಿ?"

"ಕೆಳಗ್ಕಟ್ರಪ್ಪ, ಕತ್ತಿನತ್ರ" ಎಂದಳು ಈಶ್ವರಮ್ಮ. ಆ ಚಪ್ಪಲಿ ಇನ್ನೂ ಅವಳ ಬಗಲಲ್ಲಿತ್ತು. "ನಿದಾನ."

ಈ ಸಲ ಯಾರೂ ನಗಲಿಲ್ಲ. ಅವನು ನಿಧಾನಕ್ಕೆ ಕಟ್ಟಿದ.